ಹೆಸರು ಬಂತು, ಇಕ್ಕಟ್ಟು ಬರಲಿಲ್ಲ

ಬ್ರಿಟಿಷ್ ಟಿವಿಯ ಹಾಸ್ಯ ಸರಣಿ ‘ಯೆಸ್ ಮಿನಿಸ್ಟರ್’ ಬರೆದ ಆಂಟನಿ ಜೇ ಮತ್ತು ಜೊನಾಥನ್ ಲಿನ್ ಜೋಡಿ ಇಪ್ಪತ್ತು ವರ್ಷಗಳ ಮೇಲೆ ಅದಕ್ಕೆ ಮತ್ತೆ ಜೀವ ಕೊಡಲು ಹೊರಟಾಗ ಬಿಬಿಸಿ ಒಂದು ಷರತ್ತು ಹಾಕಿತು: ಮೊದಲು ಒಂದು ಮಾದರಿ ಕಂತು ಮಾಡಿ ತೋರಿಸಿ, ಆಮೇಲೆ ನೋಡೋಣ. ಲೇಖಕರಿಗೆ ಇದು ಹಿಡಿಸಲಿಲ್ಲ. ಮಾದರಿ ಬೇಕಿದ್ದರೆ ಮೂವತ್ತೆಂಟು ಕಂತುಗಳು ಡಿವಿಡಿಯಲ್ಲೇ ಸಿಗುತ್ತವಲ್ಲ ಎಂಬರ್ಥದ ಉತ್ತರ ಕೊಟ್ಟು, ಸರಣಿಯನ್ನು ‘ಗೋಲ್ಡ್’ ಚಾನೆಲ್ಲಿಗೆ ಒಯ್ದರು. ಅದು ಹಳೆಯ ಹಾಸ್ಯಗಳ ಮರುಪ್ರಸಾರದಿಂದಲೇ ಹೊಟ್ಟೆ ಹೊರೆಯುವ ಚಾನೆಲ್. 2013ರ ಜನವರಿಯಲ್ಲಿ ಅದರ ಮುಂದುವರಿಕೆಯಾಗಿದ್ದ ‘ಯೆಸ್, ಪ್ರೈಮ್ ಮಿನಿಸ್ಟರ್’ನ ಹೊಸ ಅವತಾರ ಶುರುವಾಯಿತು. ಆರು ಕಂತಿಗೆ ಮುಗಿದೂ ಹೋಯಿತು. ಮುಂದಿನ ಸರಣಿ ಬರಲೇ ಇಲ್ಲ.

ಈ ಸೋಲಿಗೆ ಸುಲಭದ ಕಾರಣಗಳು ಒಂದೂ ಸಿಗುವುದಿಲ್ಲ. ಮರುನಿರ್ಮಾಣ ಕೆಟ್ಟಾಗ ನಾವು ಸಾಮಾನ್ಯವಾಗಿ ಬೈಯುವುದು ಯಾರನ್ನು? ಮೂಲದ ಗಂಧವಿಲ್ಲದ ಹೊಸ ಲೇಖಕರನ್ನು. ಇಲ್ಲಿ ಬರೆದವರು ಮೂಲ ಲೇಖಕರೇ. ನಟರು ಸರಿಯಿಲ್ಲ ಎನ್ನೋಣವೆಂದರೆ ಪ್ರಧಾನಿ ಜಿಮ್ ಹ್ಯಾಕರ್ ಪಾತ್ರಕ್ಕೆ ಡೇವಿಡ್ ಹೇಗ್, ಹಿರಿಯ ಅಧಿಕಾರಿ ಸರ್ ಹಂಫ್ರಿ ಪಾತ್ರಕ್ಕೆ ಹೆನ್ರಿ ಗುಡ್‌ಮನ್ ಬಂದಿದ್ದರು. ಇಬ್ಬರೂ ಲಂಡನ್ ರಂಗಭೂಮಿಯಲ್ಲಿ ಪಳಗಿದವರು. ಹಂಫ್ರಿಯ ಉಸಿರು ಕಟ್ಟಿಸುವ ಉದ್ದುದ್ದ ವಾಕ್ಯಗಳು ಇದ್ದವು. ಆಪ್ತ ಕಾರ್ಯದರ್ಶಿ ಬರ್ನಾರ್ಡ್‌ನ ವ್ಯಾಕರಣದ ಹುಚ್ಚೂ ಇತ್ತು. ಸಾಲದ ಸುಳಿಗೆ ಸಿಕ್ಕ ಯುರೋಪು, ಸಮ್ಮಿಶ್ರ ಸರಕಾರ, ಎಣ್ಣೆಯ ದುಡ್ಡು ತೋರಿಸಿ ಆಟವಾಡಿಸುವ ಕುಮ್ರಾನಿಸ್ತಾನ್ ಎಂಬ ಕಲ್ಪಿತ ದೇಶ ಎಂದು ಹೊಸ ಕಾಲದ ಸರಕನ್ನೂ ತುಂಬಿದ್ದರು. ಎಲ್ಲ ಇದ್ದೂ ನಗು ಮಾತ್ರ ಹುಟ್ಟಲಿಲ್ಲ.

ಹಾಗಾದರೆ ಹಳೆಯದರಲ್ಲಿ ಇದ್ದದ್ದೇನು, ಹೊಸದರಲ್ಲಿ ಕೈಬಿಟ್ಟದ್ದೇನು?

ಸಿಟ್‌ಕಾಂ ಎಂಬ ಪ್ರಕಾರ ಕಥೆಯ ಮೇಲೆ ನಿಲ್ಲುವುದಿಲ್ಲ. ಕಥೆ ಅಲ್ಲಿ ಅರ್ಧ ಗಂಟೆಯ ನೆಪ. ಅದು ನಿಲ್ಲುವುದು ಇಕ್ಕಟ್ಟಿನ ಮೇಲೆ. ಪರಸ್ಪರ ಸಹಿಸಲಾಗದ, ಹಾಗೆಂದು ಬಿಟ್ಟುಹೋಗಲೂ ಆಗದ ನಾಲ್ಕಾರು ಮಂದಿಯನ್ನು ಒಂದು ಜಾಗದಲ್ಲಿ ಕೂಡಿಹಾಕಬೇಕು. ‘ಸ್ಟೆಪ್ಟೋ ಅಂಡ್ ಸನ್’ನಲ್ಲಿ ಗುಜರಿ ವ್ಯಾಪಾರಿಯ ಮಗ ಹೆರಾಲ್ಡ್‌ಗೆ ಮೇಲಿನ ವರ್ಗದವರ ಹಾಗೆ ಬದುಕುವ ಆಸೆ, ಆದರೆ ಮುದಿ ಅಪ್ಪನನ್ನು ಬಿಟ್ಟು ಹೊಸ್ತಿಲು ದಾಟಲಾರ. ‘ಫಾಲ್ಟಿ ಟವರ್ಸ್’ನ ಬೇಸಿಲ್‌ಗೆ ಅತಿಥಿಗಳೆಂದರೆ ಅಲರ್ಜಿ, ಅವನ ಕಸುಬೋ ಹೋಟೆಲು ನಡೆಸುವುದು, ಮೇಲಿಂದ ಹೆಂಡತಿ ಸಿಬಿಲ್‌ಳ ಕಣ್ಗಾವಲು. ‘ಪೋರಿಜ್’ನಲ್ಲಂತೂ ಇಕ್ಕಟ್ಟಿಗೆ ಬೀಗವೇ ಜಡಿದಿದೆ, ಅದು ಜೈಲು. ಕಂತು ಮುಗಿಯುವಾಗ ಯಾರೂ ಬದಲಾಗಿರುವುದಿಲ್ಲ, ಯಾರೂ ಹೊರಗೆ ಹೋಗಿರುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಗೋಡೆ, ಅದೇ ಗುದ್ದಾಟ.

‘ಯೆಸ್ ಮಿನಿಸ್ಟರ್’ನ ಇಕ್ಕಟ್ಟನ್ನು ಕಟ್ಟಿಕೊಟ್ಟದ್ದು ಬ್ರಿಟನ್ನಿನ ಆಡಳಿತ ಪದ್ಧತಿಯೇ. ಮಂತ್ರಿ ಇವತ್ತು ಬಂದು ನಾಳೆ ಹೋಗುವವನು. ಇಲಾಖೆಯ ಕಾರ್ಯದರ್ಶಿ ಇದ್ದೇ ಇರುವವನು. ಮಂತ್ರಿಗೆ ಪತ್ರಿಕೆ ಮತ್ತು ಮತದಾರನ ಭಯ. ಕಾರ್ಯದರ್ಶಿಗೆ ಈ ಎರಡೂ ಇಲ್ಲ, ಕೈಯಲ್ಲಿ ಕಡತವಿದೆ, ಮುಂದೆ ಪಿಂಚಣಿಯಿದೆ. ಇವನನ್ನು ಅವನು ಕಿತ್ತುಹಾಕಲಾರ, ಅವನನ್ನು ಬಿಟ್ಟು ಇವನಿಗೆ ಇಲಾಖೆಗೆ ದುಡ್ಡು ತರುವ ಬೇರೆ ದಾರಿಯಿಲ್ಲ. ನಡುವೆ ಇಬ್ಬರಿಗೂ ನಿಷ್ಠನಾಗಿರಬೇಕಾದ ಬಡಪಾಯಿ ಬರ್ನಾರ್ಡ್. 1980ರಿಂದ 1988ರವರೆಗೆ ಪಾಲ್ ಎಡಿಂಗ್ಟನ್, ನೈಜೆಲ್ ಹಾಥಾರ್ನ್, ಡೆರೆಕ್ ಫೌಲ್ಡ್ಸ್ ಈ ತ್ರಿಕೋನವನ್ನು ಆಡಿದರು. ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ ಇದು ಎಷ್ಟು ಮೆಚ್ಚಾಗಿತ್ತೆಂದರೆ 1984ರಲ್ಲಿ ಒಂದು ಪ್ರಶಸ್ತಿ ಸಮಾರಂಭದಲ್ಲಿ ಎಡಿಂಗ್ಟನ್ ಮತ್ತು ಹಾಥಾರ್ನ್ ಜೊತೆ ತಾವೇ ಒಂದು ಪ್ರಹಸನ ಆಡಿದರು. ಗೇಲಿಗೆ ಗುರಿಯಾದವರೇ ಎದ್ದು ಬಂದು ವೇಷ ಕಟ್ಟಿದ್ದು ಬೇರೆ ಯಾವ ಸಿಟ್‌ಕಾಂ ಬಾಳಿನಲ್ಲಿ ನಡೆದಿದೆಯೋ!

ಒಂದು ಕಂತನ್ನು ಹತ್ತಿರದಿಂದ ನೋಡಿದರೆ ಯಂತ್ರ ಹೇಗೆ ಓಡುತ್ತದೆಂಬುದು ಗೊತ್ತಾಗುತ್ತದೆ. 1981ರ ‘ದಿ ಕಂಪ್ಯಾಷನೇಟ್ ಸೊಸೈಟಿ’ಯಲ್ಲಿ ಒಂದು ಹೊಸ ಆಸ್ಪತ್ರೆಯ ವಿಷಯ ಬರುತ್ತದೆ. ಕಟ್ಟಡ ಸಿದ್ಧ, ಯಂತ್ರೋಪಕರಣ ಸಿದ್ಧ, ಆಡಳಿತ ನೌಕರರೂ ಜವಾನರೂ ಸೇರಿ ಐನೂರು ಮಂದಿ ಕೆಲಸಕ್ಕೆ ಬರುತ್ತಿದ್ದಾರೆ. ರೋಗಿಗಳು ಮಾತ್ರ ಒಬ್ಬರೂ ಇಲ್ಲ. ಹ್ಯಾಕರ್ ಹೌಹಾರಿ ನೋಡಲು ಹೋಗುತ್ತಾನೆ. ಅಲ್ಲಿನ ಆಡಳಿತಾಧಿಕಾರಿಣಿ ಖಾಲಿ ವಾರ್ಡುಗಳ ನಡುವೆ ಅವನನ್ನು ಸುತ್ತಿಸುತ್ತಾ, ಸಿಬ್ಬಂದಿಗೆ ಪುರುಸೊತ್ತೇ ಇಲ್ಲವೆಂದು ಹೆಮ್ಮೆಯಿಂದ ಹೇಳುತ್ತಾಳೆ. ಸಂಬಳ, ಲೆಕ್ಕಪತ್ರ, ಯೋಜನೆ, ಸಾಮಗ್ರಿ ಖರೀದಿ, ಒಂದೇ ಎರಡೇ! ರೋಗಿಗಳು ಬಂದರೆ ಈ ಕೆಲಸಗಳೆಲ್ಲ ಕೆಡುತ್ತವೆ ಎಂಬ ಧಾಟಿ. ಅತಿ ಶುಚಿಯಾದ ಆಸ್ಪತ್ರೆಗಳ ಸಾಲಿಗೆ ಅದು ಸೇರಿದೆ. ಯಾಕೆ ಸೇರಬಾರದು? ಮಲಿನ ಮಾಡಲು ಯಾರಾದರೂ ಇದ್ದರೆ ತಾನೇ!

ಇಲ್ಲಿ ನಗು ಹುಟ್ಟುವುದು ಅಧಿಕಾರಿಣಿಯ ಮಾತಿನಿಂದಲ್ಲ. ಆಕೆ ಎಲ್ಲೂ ಜೋಕು ಹೇಳುತ್ತಿಲ್ಲ, ವರದಿ ಒಪ್ಪಿಸುತ್ತಿದ್ದಾಳೆ. ಅವಳ ಪಕ್ಕದಲ್ಲಿ ನಡೆಯುವ ಹ್ಯಾಕರ್‌ನ ಮುಖದ ಮೇಲೆ ಅರ್ಥ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಎಡಿಂಗ್ಟನ್ ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಮುಂದೆ ಕೂತ ಸ್ಟುಡಿಯೋ ಪ್ರೇಕ್ಷಕರು ಆ ಅರೆಗಳಿಗೆಯಲ್ಲಿ ನಗುತ್ತಾರೆ. ನಗು ಇಳಿಯುವವರೆಗೆ ನಟ ಕಾಯುತ್ತಾರೆ. ಕಾಯುವ ಹೊತ್ತಿನಲ್ಲಿ ಮುಖ ಮತ್ತಷ್ಟು ಪೆಚ್ಚಾಗುತ್ತದೆ. ಅದಕ್ಕೆ ಎರಡನೆಯ ನಗು ಬೀಳುತ್ತದೆ. ಆ ಕಾಲದ ಸಿಟ್‌ಕಾಂ ನಟನೆ ಎಂದರೆ ಹೆಚ್ಚುಕಡಿಮೆ ನಾಟಕದ ನಟನೆ. ಪ್ರೇಕ್ಷಕರ ಉಸಿರಾಟದ ಲಯಕ್ಕೆ ಮಾತು ಹೊಂದಿಸಬೇಕಿತ್ತು. ಈ ಕಸುಬು ಬರಹದ ಪ್ರತಿಯಲ್ಲಿ ಇರುವುದಿಲ್ಲ. ಹಕ್ಕು ಕೊಂಡವರಿಗೆ ಪ್ರತಿ ಸಿಗುತ್ತದೆ, ಆ ಅರೆಗಳಿಗೆ ಸಿಗುವುದಿಲ್ಲ.

ಜೊತೆಗೆ, 2013ರ ಹೊತ್ತಿಗೆ ಹಂಫ್ರಿಯ ಪ್ರಪಂಚವೇ ಕುಸಿದಿತ್ತು. ಮಂತ್ರಿಯ ಕಿವಿ ಹಿಡಿದಿದ್ದವರು ಈಗ ಇಲಾಖಾ ಕಾರ್ಯದರ್ಶಿಗಳಲ್ಲ. ಪಕ್ಷದ ಪ್ರಚಾರ ತಂತ್ರಜ್ಞರು, ವಿಶೇಷ ಸಲಹೆಗಾರರು, ಇಪ್ಪತ್ನಾಲ್ಕು ಗಂಟೆಯ ಸುದ್ದಿ ಚಾನೆಲ್ಲುಗಳು. ಹೊಸ ಸರಣಿಯಲ್ಲಿ ಅಂಥ ಒಬ್ಬ ಸಲಹೆಗಾರ್ತಿಯ ಪಾತ್ರವನ್ನು ತಂದರು ನಿಜ. ಆದರೆ ಅವಳು ಹಳೆಯ ಮನೆಗೆ ಬಂದ ನೆಂಟಳಾಗಿಯೇ ಉಳಿದಳು. 1980ರಲ್ಲಿ ನೋಡುಗನಿಗೆ ಸರಕಾರ ಒಳಗೆ ಹೇಗೆ ನಡೆಯುತ್ತದೆಂಬ ಗುಟ್ಟು ಬಯಲಾದ ರೋಮಾಂಚನವಿತ್ತು. 2009ರಲ್ಲಿ ಸಂಸದರ ಭತ್ಯೆ ಹಗರಣ ನೋಡಿ ಮುಗಿಸಿದವರಿಗೆ ಅಂಥ ಗುಟ್ಟು ಏನು ಉಳಿದಿತ್ತು?

ಹಂಫ್ರಿಯ ನಿಜವಾದ ವಾರಸುದಾರ ಅಷ್ಟರಲ್ಲಾಗಲೇ ಬೇರೆ ಹೆಸರಿನಲ್ಲಿ ಬಂದು ಹೋಗಿದ್ದ. 2005ರಲ್ಲಿ ಅರ್ಮಾಂಡೊ ಇಯಾನುಚ್ಚಿ ‘ದಿ ಥಿಕ್ ಆಫ್ ಇಟ್’ ಶುರುಮಾಡಿದರು. ಅದರಲ್ಲಿ ಸ್ಟುಡಿಯೋ ನಗುವಿಲ್ಲ, ನಯವಾದ ಇಂಗ್ಲಿಷಿಲ್ಲ. ಕೈಯಲ್ಲಿ ಹಿಡಿದ ಕ್ಯಾಮರಾ ಕಾರಿಡಾರಿನಲ್ಲಿ ಓಡುತ್ತದೆ. ಪೀಟರ್ ಕಪಾಲ್ಡಿ ಆಡಿದ ಪ್ರಚಾರ ಮುಖ್ಯಸ್ಥ ಮಾಲ್ಕಂ ಟಕರ್ ಮಂತ್ರಿಗಳನ್ನು ಕೇಳಲಾಗದ ಬೈಗುಳಗಳಲ್ಲಿ ಅದ್ದಿ ತೆಗೆಯುತ್ತಾನೆ. ಅರ್ಧ ಗಂಟೆಯಲ್ಲಿ ಒಂದು ನೀತಿ ಘೋಷಣೆಯಾಗಬೇಕು, ರದ್ದಾಗಬೇಕು, ಘೋಷಿಸಿಯೇ ಇರಲಿಲ್ಲವೆಂದು ಸಾಧಿಸಬೇಕು. ಇದು ಹೊಸ ಕಾಲದ ಇಕ್ಕಟ್ಟು. ‘ಯೆಸ್ ಮಿನಿಸ್ಟರ್’ನ ಹೆಸರನ್ನಾಗಲೀ ಸೋಫಾವನ್ನಾಗಲೀ ಅದು ಸಾಲ ತರಲಿಲ್ಲ. ಪ್ರಶ್ನೆಯನ್ನು ಮಾತ್ರ ತಂದಿತು: ಈ ಕಟ್ಟಡದಲ್ಲಿ ಈಗ ಯಾರು ಯಾರಿಗೆ ಅಂಜುತ್ತಾರೆ?

ಇಷ್ಟಾದರೂ ಮರುನಿರ್ಮಾಣವೆಂದರೆ ಮೂಗು ಮುರಿಯುವುದು ತಪ್ಪು. ಅಮೆರಿಕದ ಸಿಟ್‌ಕಾಂನ ಸುವರ್ಣಯುಗ ಎಂದು ಅಲ್ಲಿನವರು ಹಂಬಲಿಸುವ 1970ರ ದಶಕ ಅರ್ಧ ನಿಂತಿರುವುದೇ ಮರುನಿರ್ಮಾಣದ ಮೇಲೆ. ಬ್ರಿಟನ್ನಿನಲ್ಲಿ ಜಾನಿ ಸ್ಪೈಟ್ ಬರೆದ ‘ಟಿಲ್ ಡೆತ್ ಅಸ್ ಡೂ ಪಾರ್ಟ್’ನ ಬಾಯಿಬಡುಕ, ಜನಾಂಗದ್ವೇಷಿ ಅಪ್ಪ ಆಲ್ಫ್ ಗಾರ್ನೆಟ್‌ನನ್ನು ನಾರ್ಮನ್ ಲಿಯರ್ ನ್ಯೂಯಾರ್ಕಿನ ಕ್ವೀನ್ಸ್‌ಗೆ ಕರೆತಂದು ಆರ್ಚಿ ಬಂಕರ್ ಮಾಡಿದರು. 1971ರಲ್ಲಿ ಶುರುವಾದ ಆ ‘ಆಲ್ ಇನ್ ದ ಫ್ಯಾಮಿಲಿ’ ಐದು ಸೀಸನ್ ಸತತವಾಗಿ ಅಮೆರಿಕದ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ಮರುವರ್ಷ ‘ಸ್ಟೆಪ್ಟೋ’ದ ಗುಜರಿ ಅಂಗಡಿಯನ್ನು ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಗೆ ಸಾಗಿಸಿ, ಅಪ್ಪ-ಮಗನನ್ನು ಕಪ್ಪು ಜನರನ್ನಾಗಿಸಿ ‘ಸ್ಯಾನ್‌ಫರ್ಡ್ ಅಂಡ್ ಸನ್’ ಮಾಡಿದರು. ಅಲ್ಲಿನ ಜಗಳ ಲಂಡನ್ನಿನ ವರ್ಗದ ಜಗಳವಲ್ಲ, ಅಮೆರಿಕದ ಬಣ್ಣದ ಜಗಳ. ಸಸಿಯನ್ನು ಬೇರೆ ಮಣ್ಣಿನಲ್ಲಿ ನೆಟ್ಟರು. ಬೇರು ಆ ಮಣ್ಣಿನದನ್ನೇ ಹೀರಿತು.

ನಾಟಿ ಕೆಟ್ಟ ಉದಾಹರಣೆಗೂ ಬರವಿಲ್ಲ. ಹನ್ನೆರಡೇ ಕಂತುಗಳ ‘ಫಾಲ್ಟಿ ಟವರ್ಸ್’ ಮೇಲೆ ಅಮೆರಿಕ ಮೂರು ಬಾರಿ ಕೈಹಾಕಿತು. 1978ರ ‘ಶಾಟೋ ಸ್ನೇವ್ಲಿ’ ಮಾದರಿ ಕಂತಿನಿಂದ ಮುಂದೆ ಹೋಗಲಿಲ್ಲ. 1983ರ ‘ಅಮಾಂಡಾಸ್’ನಲ್ಲಿ ಹೋಟೆಲನ್ನು ನಡೆಸುವವಳು ಒಬ್ಬ ವಿಧವೆ, ಬೇಸಿಲ್‌ನ ಪಾತ್ರಕ್ಕೇ ಕತ್ತರಿ! ಗಂಡ-ಹೆಂಡಿರ ಕಾಳಗವೇ ಇಲ್ಲದ ಮೇಲೆ ಉಳಿದದ್ದು ಬರಿಯ ಕೋಣೆ ಬಾಡಿಗೆ. 1999ರ ‘ಪೇನ್’ ಕೂಡ ಬೇಗನೇ ಬಾಗಿಲು ಹಾಕಿತು. ‘ದಿ ಆಫೀಸ್’ನ ಕತೆಯಲ್ಲಿ ಸೋಲು-ಗೆಲುವು ಒಂದೇ ಸರಣಿಯೊಳಗಿದೆ. 2005ರಲ್ಲಿ ಬಂದ ಅಮೆರಿಕದ ಆವೃತ್ತಿಯ ಮೊದಲ ಕಂತು ಬ್ರಿಟಿಷ್ ಮೂಲದ ಹೆಚ್ಚುಕಡಿಮೆ ಮಕ್ಕಿಕಾಮಕ್ಕಿ. ನೋಡಿದವರು ಮುಖ ಕಿವಿಚಿದರು. ಎರಡನೆಯ ಸೀಸನ್ನಿಂದ ಮೈಕೇಲ್ ಸ್ಕಾಟ್‌ನನ್ನು ಬದಲಿಸಿದರು: ಬಾಸ್ ಆಗಿ ಅಸಹ್ಯ, ಆದರೆ ಸೇಲ್ಸ್‌ಮನ್ ಆಗಿ ಚತುರ, ಸಿಬ್ಬಂದಿಯನ್ನೇ ಮನೆಮಂದಿಯೆಂದು ತಬ್ಬಿಕೊಳ್ಳಲು ಹಾತೊರೆಯುವ ಒಂಟಿ ಜೀವ. ಸರಣಿ 2013ರವರೆಗೆ, 201 ಕಂತು ಓಡಿತು. ‘ದಿ ಥಿಕ್ ಆಫ್ ಇಟ್’ ಕೂಡ ಇದೇ ಪಾಠ ಹೇಳುತ್ತದೆ. 2007ರಲ್ಲಿ ಅದರದೇ ಹೆಸರಿನ ಅಮೆರಿಕನ್ ಮಾದರಿ ಕಂತು ಮೂಲೆ ಸೇರಿತು. ಐದು ವರ್ಷಗಳ ನಂತರ ಇಯಾನುಚ್ಚಿ ತಾವೇ ವಾಷಿಂಗ್ಟನ್ನಿಗೆ ಹೋಗಿ, ಅಧಿಕಾರದ ಪಕ್ಕದಲ್ಲೇ ಕೂತಿದ್ದೂ ಅಧಿಕಾರವಿಲ್ಲದ ಉಪಾಧ್ಯಕ್ಷೆಯೊಬ್ಬಳ ಇಕ್ಕಟ್ಟನ್ನು ಹಿಡಿದು ‘ವೀಪ್’ ಮಾಡಿದರು. ಅದು ಗೆದ್ದಿತು.

ಇದೇ ಅಳತೆಗೋಲನ್ನು ನಮ್ಮ ದೇಶಕ್ಕೆ ಹಿಡಿಯೋಣ. ದೂರದರ್ಶನದ ದಿನಗಳಲ್ಲಿ ‘ಯೆಸ್ ಮಿನಿಸ್ಟರ್’ ನೋಡಿದ ಭಾರತೀಯರು ಅಂದಿನಿಂದ ಒಂದೇ ಮಾತು ಹೇಳುತ್ತ ಬಂದಿದ್ದಾರೆ: ಇದು ನಮ್ಮದೇ ಕತೆ. 2001ರಲ್ಲಿ ಸ್ಟಾರ್ ಪ್ಲಸ್ ಅದನ್ನು ‘ಜೀ ಮಂತ್ರೀಜೀ’ ಎಂದು ಹಿಂದಿಗೆ ತಂದಿತು. ಮಂತ್ರಿಯಾಗಿ ಫಾರೂಕ್ ಶೇಖ್, ಕಾರ್ಯದರ್ಶಿಯಾಗಿ ಜಯಂತ್ ಕೃಪಲಾನಿ. ನಟನೆಗೆ ಹೆಸರಿಡುವ ಹಾಗಿರಲಿಲ್ಲ. ಆದರೂ ಜನರ ಬಾಯಲ್ಲಿ ಅದು ಉಳಿಯಲಿಲ್ಲ. ನನ್ನ ಪ್ರಕಾರ ಎಡವಿದ್ದು ತಳಪಾಯದಲ್ಲಿ. ಬ್ರಿಟನ್ನಿನ ಇಕ್ಕಟ್ಟು ನಿಂತಿರುವುದು ಕಾರ್ಯದರ್ಶಿಯನ್ನು ಮಂತ್ರಿ ಅಲುಗಿಸಲಾರನೆಂಬ ಒಂದೇ ಕಂಬದ ಮೇಲೆ. ನಮ್ಮಲ್ಲಿ? ವಿಧಾನಸೌಧದ ಯಾವ ಮಹಡಿಯಲ್ಲಿ ಬೇಕಾದರೂ ಕೇಳಿ, ಮಂತ್ರಿಯ ಕೈಯಲ್ಲಿ ವರ್ಗಾವಣೆಯ ಬ್ರಹ್ಮಾಸ್ತ್ರವಿದೆ. ಫೈಲಿನ ಮೇಲೆ ವಿರುದ್ಧ ಟಿಪ್ಪಣಿ ಬರೆದ ಅಧಿಕಾರಿ ಸಂಜೆಯೊಳಗೆ ಯಾರೂ ಕೇಳಿರದ ನಿಗಮಕ್ಕೆ ಹೋಗಿ ಕೂರುತ್ತಾನೆ. ಸರ್ ಹಂಫ್ರಿ ಬೆಂಗಳೂರಿನಲ್ಲಿ ಹುಟ್ಟಿದ್ದರೆ ಅಷ್ಟು ಉದ್ದದ ವಾಕ್ಯ ಮುಗಿಸುವಷ್ಟರಲ್ಲಿ ಆದೇಶ ಕೈಸೇರಿರುತ್ತಿತ್ತು. ನಮ್ಮ ಮಂತ್ರಿ-ಅಧಿಕಾರಿ ಸಂಬಂಧದಲ್ಲೂ ಹಾಸ್ಯಕ್ಕೆ ಕೊರತೆಯಿಲ್ಲ. ಆದರೆ ಅದು ಬೇರೆಯೇ ಹಾಸ್ಯ, ಅದಕ್ಕೆ ಬೇರೆಯೇ ಸರಣಿ ಬೇಕು.

ಅದೇ 2001ರಲ್ಲಿ ಸಬ್ ಟಿವಿಯಲ್ಲಿ ‘ಆಫೀಸ್ ಆಫೀಸ್’ ಬಂತು. ಯಾರ ಹಕ್ಕನ್ನೂ ಕೊಳ್ಳದೆ, ಸರಕಾರಿ ಕಚೇರಿಯ ಕಿಟಕಿಯ ಹೊರಗೆ ನಿಂತವನನ್ನು ನಾಯಕನನ್ನಾಗಿ ಮಾಡಿತು. ಪಂಕಜ್ ಕಪೂರ್ ಆಡಿದ ಮುಸದ್ದಿಲಾಲ್ ಬಗಲಲ್ಲಿ ಅರ್ಜಿ ಇಟ್ಟುಕೊಂಡು ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯುತ್ತಾನೆ. ಒಬ್ಬ ಅಧಿಕಾರಿಗೆ ಸಮೋಸದ ಚಿಂತೆ, ಇನ್ನೊಬ್ಬಳಿಗೆ ಮನೆಯ ಚಿಂತೆ, ಮತ್ತೊಬ್ಬನಿಗೆ ಪಾನ್ ತುಂಬಿದ ಬಾಯಿ. ಅವನಿಗೆ ಅವರಿಲ್ಲದೆ ಕೆಲಸವಾಗದು, ಅವರಿಗೆ ಅವನ ಕೆಲಸ ಮಾಡುವ ಅಗತ್ಯವೇ ಇಲ್ಲ. ಇಕ್ಕಟ್ಟು ಎಂದರೆ ಇದು. ತಹಶೀಲ್ದಾರ್ ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ಅಲೆದ ಯಾವ ಕನ್ನಡಿಗನಿಗೂ ಅನುವಾದಕ ಬೇಕಾಗಲಿಲ್ಲ. ಹತ್ತು ವರ್ಷದ ಮೇಲೆ ಅದೇ ಮುಸದ್ದಿಯನ್ನು ಸಿನಿಮಾಕ್ಕೆ ಎಳೆದು ತಂದರು. ಆದರೆ ಅರ್ಧ ಗಂಟೆಯ ಗೋಳು ಎರಡು ಗಂಟೆಯಾದಾಗ ನಗು ತೆಳುವಾಗುತ್ತದೆ.

ಎರವಲು ತಂದು ಗೆದ್ದ ಉದಾಹರಣೆಯೂ ಇದೇ ಪಂಕಜ್ ಕಪೂರರದು. ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದದ್ದು: ವಲಸಿಗರಿಗೆ ಇಂಗ್ಲಿಷ್ ಕಲಿಸುವ ರಾತ್ರಿ ಶಾಲೆ. 1993ರ ‘ಜಬಾನ್ ಸಂಭಾಲ್ಕೆ’ ಅದನ್ನು ಹಿಂದಿ ತರಗತಿ ಮಾಡಿತು. ಮೇಷ್ಟ್ರು ಮೋಹನ್ ಭಾರತಿ ಇಂಜಿನಿಯರಾಗಬೇಕಿದ್ದವನು. ಕೆಲಸ ಸಿಗದೆ ಹಿಂದಿ ಪಾಠಕ್ಕೆ ಬಿದ್ದವನು. ಮೂಲದಲ್ಲಿ ಇಲ್ಲದ ಈ ಒಂದು ಗಾಯ ಆ ತರಗತಿಯನ್ನು ತೊಂಬತ್ತರ ದಶಕದ ಭಾರತಕ್ಕೆ ತಂದು ನಿಲ್ಲಿಸಿತು. ತೆಂಕಣದವರ ಹಿಂದಿಯನ್ನು ಕಂಡು ನಗುವ ಅದರ ಚಟ ನಮಗೆ ಈಗ ನೋಡಿದರೆ ಚುಚ್ಚುತ್ತದೆ, ಅದು ಬೇರೆ ಮಾತು.

ಕನ್ನಡಕ್ಕೆ ಬಂದರೆ ಹಳೆಯ ಈಟಿವಿ ಕನ್ನಡದ ಎರಡು ಹೆಸರು ಹೇಳಿದರೆ ಸಾಕು, ನಲವತ್ತು ದಾಟಿದವರ ಮುಖ ಅರಳುತ್ತದೆ. ಒಂದು, ಸಿಹಿಕಹಿ ಚಂದ್ರು ನಿರ್ದೇಶಿಸಿದ ‘ಪಾಪ ಪಾಂಡು’. ಇನ್ನೊಂದು, ವಿಜಯ ಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’. ರವಿಶಂಕರ್ ಗೌಡರ ಡಾಕ್ಟರ್ ವಿಠಲ್ ರಾವ್, ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ ಇವತ್ತಿಗೂ ಮೊಬೈಲಿನ ತುಣುಕುಗಳಲ್ಲಿ ಓಡಾಡಿಕೊಂಡಿದ್ದಾರೆ. ಕಾಯಿಲೆಗಿಂತ ತನ್ನ ಹೆಸರನ್ನೇ ಹೆಚ್ಚು ಹೇಳಿಕೊಳ್ಳುವ ವೈದ್ಯ, ಸಮಾಜಕ್ಕೆ ಬೇಡವಾದರೂ ಸೇವೆ ಮಾಡಿಯೇ ತೀರುವ ಸೇವಕಿ: ಇವರು ನಮ್ಮ ಬಡಾವಣೆಗಳಲ್ಲಿ ಸಿಗುವ ಜನ. ಎರವಲು ವೇಷವಲ್ಲ, ಎರವಲು ಆಡುಮಾತೂ ಅಲ್ಲ. 2018ರಲ್ಲಿ ‘ಪಾಪ ಪಾಂಡು’ ಕಲರ್ಸ್ ಸೂಪರ್‌ನಲ್ಲಿ ಮರಳಿತು, ಮೂಲದಲ್ಲಿ ಗಂಡ-ಹೆಂಡತಿಯಾಗಿ ಆಡಿದ್ದ ಚಿದಾನಂದ್-ಶಾಲಿನಿ ಜೋಡಿಯೇ ಬಂತು. ಆಮೇಲೆ ‘ಸಿಲ್ಲಿ ಲಲ್ಲಿ’ಯೂ ಬಂತು. ನೋಡಿ ಸಂತೋಷಪಟ್ಟವರಿದ್ದರು. ಆದರೆ ಆ ಹೊಸ ಕಂತುಗಳಲ್ಲಿ ಒಂದನ್ನಾದರೂ ನೆನೆದು ಹೇಳಿ ಎಂದರೆ ನನಗೆ ಗೊತ್ತಿರುವವರು ತಲೆ ಕೆರೆದುಕೊಂಡು ಹಳೆಯದನ್ನೇ ಹೇಳುತ್ತಾರೆ. ಹೆಂಡತಿಯ ಕೈಗೆ ಸಿಕ್ಕು ನಲುಗುವ ಗಂಡ ಎಂಬ ಚಿತ್ರ ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಒಂದು ತರಲೆಯಾಗಿತ್ತು. ಇಬ್ಬರೂ ದುಡಿದು ಮನೆಯ ಸಾಲದ ಕಂತು ಕಟ್ಟುವ ಹೊತ್ತಿಗೆ ಗಂಡ-ಹೆಂಡಿರ ಜಗಳದ ವಿಷಯವೇ ಬದಲಾಗಿತ್ತು.

ಇಷ್ಟೆಲ್ಲ ಸೋತರೂ ಚಾನೆಲ್ಲುಗಳು ಹಳೆಯ ಹೆಸರನ್ನೇ ಯಾಕೆ ಕೆದಕುತ್ತವೆ? ಲೆಕ್ಕ ಸರಳ. ಮೊಬೈಲು ತೆರೆದರೆ ಸಾವಿರ ಸರಣಿಗಳ ಚಿತ್ರಗಳು ಸಾಲುಗಟ್ಟಿವೆ. ನೋಡುಗನ ಬೆರಳು ನಿಲ್ಲುವುದು ಪರಿಚಯದ ಹೆಸರಿನ ಮೇಲೆ. ಹೊಸ ಹೆಸರನ್ನು ಪರಿಚಯಿಸುವ ಜಾಹೀರಾತಿಗಿಂತ ಹಳೆಯ ಹೆಸರಿನ ಹಕ್ಕು ಅಗ್ಗ. ನೆನಪಿಗಂತೂ ಬೆಲೆ ಕಟ್ಟಿದ್ದಾರೆ: 2019ರ ಒಂದು ವರ್ಷ ‘ಫ್ರೆಂಡ್ಸ್’ ಇಟ್ಟುಕೊಳ್ಳಲು ನೆಟ್‌ಫ್ಲಿಕ್ಸ್ ಸುಮಾರು 10 ಕೋಟಿ ಡಾಲರ್ ತೆತ್ತಿತೆಂದು ವರದಿಯಾಗಿತ್ತು. ‘ದಿ ಆಫೀಸ್’ ಅನ್ನು ಐದು ವರ್ಷಕ್ಕೆ ತನ್ನಲ್ಲಿಗೇ ವಾಪಸು ತರಲು ಎನ್‌ಬಿಸಿ ಯುನಿವರ್ಸಲ್ ಒಪ್ಪಿದ ಮೊತ್ತ 50 ಕೋಟಿ ಡಾಲರ್. ಮುಗಿದು ಹೋದ ಕಂತುಗಳಿಗೇ ಇಷ್ಟು ಬೆಲೆಯಿರುವಾಗ, ಅದೇ ಹೆಸರಿನಲ್ಲಿ ಇನ್ನಷ್ಟು ಕಂತು ಹೊಸೆದರೆ ನಷ್ಟವೇನು ಎಂಬುದು ವ್ಯಾಪಾರಿಯ ತರ್ಕ.

ನಷ್ಟವಿದೆ. ಸಿಟ್‌ಕಾಂಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಬಂಡವಾಳ ಸಮಯ, ಅದನ್ನೇ ಈಗ ಕೊಡುವುದಿಲ್ಲ. 1982ರಲ್ಲಿ ಶುರುವಾದ ‘ಚಿಯರ್ಸ್’ ಮೊದಲ ಸೀಸನ್ನಿನಲ್ಲಿ ಅಮೆರಿಕದ ವೀಕ್ಷಕರ ಪಟ್ಟಿಯ ತಳಕ್ಕೆ ಹತ್ತಿರವಿತ್ತು. ಎನ್‌ಬಿಸಿ ತಡೆದುಕೊಂಡಿತು, ಸರಣಿ ಹನ್ನೊಂದು ವರ್ಷ ನಡೆಯಿತು. ಅದರ ಒಂದು ಪಾತ್ರವೇ ಬೆಳೆದು ‘ಫ್ರೇಸಿಯರ್’ ಆಯಿತು, 264 ಕಂತು ಓಡಿತು. 2023ರಲ್ಲಿ ಪ್ಯಾರಾಮೌಂಟ್ ಪ್ಲಸ್ ಆ ಫ್ರೇಸಿಯರ್‌ನನ್ನು ಮತ್ತೆ ಕರೆತಂದಿತು. ಆ ಪಾತ್ರ ಆಡಿದ್ದ ಕೆಲ್ಸಿ ಗ್ರಾಮರ್ ಬಂದರು. ಫ್ರೇಸಿಯರ್‌ನ ತಮ್ಮ ನೈಲ್ಸ್ ಆಗಿದ್ದ ಡೇವಿಡ್ ಹೈಡ್ ಪಿಯರ್ಸ್ ಬರಲೊಪ್ಪಲಿಲ್ಲ. ಅಪ್ಪನ ಪಾತ್ರದ ಜಾನ್ ಮಹೋನಿ 2018ರಲ್ಲಿ ತೀರಿಕೊಂಡಿದ್ದರು. ಸಂಸ್ಕೃತಿಯ ಒಣಜಂಭದ ಇಬ್ಬರು ಮಕ್ಕಳ ನಡುವೆ ಬಿಯರ್ ಕುಡಿಯುವ ಮಾಜಿ ಪೊಲೀಸ್ ಅಪ್ಪ ಸಿಕ್ಕಿಕೊಂಡದ್ದು ಹಳೆಯ ಸರಣಿ. ಉಳಿದದ್ದು ಜಂಭ ಒಂದೇ. ಎರಡು ಸೀಸನ್, ಇಪ್ಪತ್ತು ಕಂತು, ಅಲ್ಲಿಗೆ ಪರದೆ. ಹಳೆಯದರ ಒಂದು ಸೀಸನ್ನಿನಲ್ಲೇ ಅದಕ್ಕಿಂತ ಹೆಚ್ಚು ಕಂತುಗಳಿದ್ದವು.

ಹಳಹಳಿಕೆಯ ಪರ ವಾದಿಸುವವನು ಅದರ ಎದುರು ಪಕ್ಷದ ಮಾತನ್ನೂ ಕೇಳಬೇಕು. ದೂರದ ಬೆಟ್ಟ ನುಣ್ಣಗೆ. ನಾವು ಹೋಲಿಸುವುದು ಹಳೆಯ ಕಾಲದ ಅತ್ಯುತ್ತಮದ ಜೊತೆ ಈ ಕಾಲದ ಸರಾಸರಿಯನ್ನು. ಎಪ್ಪತ್ತರ ದಶಕದಲ್ಲಿ ಬಂದ ನೂರಾರು ಸಪ್ಪೆ ಸಿಟ್‌ಕಾಂಗಳು ಯಾರ ನೆನಪಿನಲ್ಲೂ ಇಲ್ಲ. ಕೆಲವಂತೂ ಟೇಪಿನಲ್ಲೂ ಇಲ್ಲ, ಬಿಬಿಸಿ ಅಳಿಸಿ ಮರುಬಳಕೆ ಮಾಡಿತು. ಒಳ್ಳೆಯವೂ ಆ ಬಾಯಿಗೆ ಬಿದ್ದವು: ‘ಡ್ಯಾಡ್ಸ್ ಆರ್ಮಿ’ಯ ಮೂರು ಕಂತುಗಳು ಹಾಗೆ ಕಳೆದುಹೋಗಿವೆ. 2019ರಲ್ಲಿ ಅದೇ ಗೋಲ್ಡ್ ಚಾನೆಲ್ ಉಳಿದಿದ್ದ ಬರಹದ ಪ್ರತಿಯಿಂದ ಆ ಮೂರನ್ನೂ ಹೊಸ ನಟರಿಂದ ಆಡಿಸಿತು. ಕಳೆದದ್ದನ್ನು ತುಂಬಿಕೊಡುವ ಆ ಮರುನಿರ್ಮಾಣಕ್ಕೆ ಒಂದು ಕಾರಣವಿತ್ತು, ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಇನ್ನು ಹಳೆಯ ನಗುವೆಲ್ಲ ನಿರ್ಮಲವೂ ಅಲ್ಲ. ‘ಇಟ್ ಏಂಟ್ ಹಾಫ್ ಹಾಟ್ ಮಮ್’ನಲ್ಲಿ ಬ್ರಿಟಿಷ್ ನಟ ಮೈಕೇಲ್ ಬೇಟ್ಸ್ ಮುಖಕ್ಕೆ ಕಂದು ಬಣ್ಣ ಬಳಿದು ಭಾರತೀಯ ಜವಾನನಾದರು. ‘ಮೈಂಡ್ ಯುವರ್ ಲ್ಯಾಂಗ್ವೇಜ್’ನ ಅರ್ಧ ಜೋಕುಗಳು ಪರದೇಶಿಯರು ಪೆದ್ದರು ಎಂಬ ಒಂದೇ ಜೋಕು. ನಾವು ದೂರದರ್ಶನದ ಮುಂದೆ ಕೂತು ನಕ್ಕದ್ದಕ್ಕೆ ಅರ್ಧ ಕಾರಣ, ಇಡೀ ಬೀದಿ ಅದೇ ಹೊತ್ತಿಗೆ ಅದನ್ನೇ ನೋಡಿ ನಗುತ್ತಿತ್ತು ಎಂಬುದು. ಆ ಬೀದಿಯನ್ನು ಯಾವ ನಿರ್ಮಾಪಕನೂ ಮರುನಿರ್ಮಿಸಲಾರ, ಅವನನ್ನು ಅದಕ್ಕಾಗಿ ಬೈಯುವುದೂ ನ್ಯಾಯವಲ್ಲ.

ಆದರೆ ಒಂದು ವಿಷಯಕ್ಕೆ ಬೈಯಬಹುದು. ನಮ್ಮ ಕಾಲದಲ್ಲಿ ಇಕ್ಕಟ್ಟಿಗೆ ಬರ ಬಂದಿದೆಯೇ? ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟ್ ಸಂಘದ ಮಹಾಸಭೆಗೆ ಹೋಗಿ ಕೂರಿ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಕಾರ್ಯದರ್ಶಿ, ಬಾಕಿ ಕಟ್ಟದ ಮೂರನೆಯ ಮಹಡಿಯ ಸಾಫ್ಟ್‌ವೇರ್ ದಂಪತಿ, ನಾಯಿ ಸಾಕಿದವರು, ನಾಯಿ ಕಂಡರಾಗದವರು, ಟ್ಯಾಂಕರ್ ನೀರಿನ ಗುತ್ತಿಗೆ ಯಾರ ಭಾವಮೈದುನನಿಗೆ ಹೋಯಿತೆಂಬ ಗುಸುಗುಸು. ಯಾರೂ ಯಾರನ್ನೂ ಸಹಿಸರು. ಇಪ್ಪತ್ತು ವರ್ಷದ ಸಾಲವಿದೆ, ಯಾರೂ ಬಿಟ್ಟುಹೋಗಲೂ ಆಗದು. ಊರಿನಿಂದ ಮೊಮ್ಮಗುವನ್ನು ನೋಡಿಕೊಳ್ಳಲು ಬಂದು ಹದಿಮೂರನೆಯ ಮಹಡಿಯಲ್ಲಿ ಸಿಕ್ಕಿಬಿದ್ದ ಬೀಗರಿಬ್ಬರು, ಮನೆಯಿಂದಲೇ ಕೆಲಸ ಮಾಡುವ ಅಳಿಯ, ಅವನ ಮೀಟಿಂಗಿನ ಹಿಂದೆ ಒಗ್ಗರಣೆ ಹಾಕುವ ಅತ್ತೆ: ಜೇ ಮತ್ತು ಲಿನ್‌ಗೆ ಇಷ್ಟು ಸಿಕ್ಕಿದ್ದರೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಇದನ್ನು ಬರೆಯಲು ಹಳೆಯ ಹೆಸರಿನ ಹಕ್ಕು ಬೇಡ. ಬೇಕಿರುವುದು ಕಣ್ಣಿರುವ ಒಬ್ಬ ಲೇಖಕ, ಒಬ್ಬರಿಗೊಬ್ಬರು ಒಗ್ಗುವವರೆಗೆ ಜೊತೆಗಿರುವ ಐದಾರು ನಟರು, ಮೊದಲ ತಿಂಗಳ ಟಿಆರ್‌ಪಿ ನೋಡಿ ಗಾಬರಿಯಾಗದ ಒಂದು ಚಾನೆಲ್. ಮೊದಲ ಎರಡು ಕನ್ನಡದಲ್ಲಿ ಧಾರಾಳವಾಗಿವೆ.